ಹುಬ್ಬಳ್ಳಿಯ ಎರಿ ಮಣ್ಣಿನಲ್ಲಿ ಪೈನ್ ಮರ ಬೆಳೆಯುತ್ತಾ?

ಪ್ರಶ್ನೆ: ನಮ್ಮದು ಹುಬ್ಬಳ್ಳಿಯಲ್ಲಿ 40-60 ಅಡಿಯ ಸೈಟ್. ಮನೆ ಮುಂದೆ ಹದಿನಾಲ್ಕು ಅಡಿ ಜಾಗ ಬಿಟ್ಟಿದ್ದೇವೆ. ಊಟಿಗೆ ಹೋದಾಗ ನೋಡಿದ ಪೈನ್ ಮರ ಮನಸ್ಸಿನಲ್ಲಿ ಕೂತುಬಿಟ್ಟಿತ್ತು. ಕಳೆದ ವರ್ಷ ಜೂನ್‌ನಲ್ಲಿ ನರ್ಸರಿಯಿಂದ ಮೂರು ಅಡಿಯ ಪೈನ್ ಸಸಿ ತಂದು ಗೇಟಿನ ಪಕ್ಕ ನೆಟ್ಟೆವು. ನಮ್ಮದು ಎರಿ ಮಣ್ಣು, ಅಂದರೆ ಕಪ್ಪು ಜೇಡಿ ಮಣ್ಣು. ಅದಕ್ಕೇ ಮೂರು ಅಡಿ ಗುಂಡಿ ತೋಡಿಸಿ ಕೆಂಪು ಮಣ್ಣು, ಸಗಣಿ ಗೊಬ್ಬರ ತುಂಬಿಸಿದ್ದೆವು. ಬೇಸಿಗೆಯಲ್ಲಿ ಚೆನ್ನಾಗಿಯೇ ಇತ್ತು. ಈ ಮಳೆಗಾಲದಲ್ಲಿ ಕೆಳಗಿನ ಟೊಂಗೆಗಳು ಕಂದಾಗಿ ಜೋತು ಬಿದ್ದಿವೆ, ತುದಿಯ ಚಿಗುರು ಹಳದಿಯಾಗಿದೆ. ನೀರು ಕಮ್ಮಿ ಆಯ್ತೇನೋ ಅಂತ ದಿನಾ ಬೋರ್ ನೀರು ಹಾಕುತ್ತಿದ್ದೇವೆ. ಗಿಡ ಉಳಿಯುತ್ತಾ? ನಮ್ಮ ಕಡೆ ಪೈನ್ ಬೆಳೆಯುತ್ತೋ ಇಲ್ಲವೋ? ಬೇರಿನಿಂದ ಮನೆ ಪಾಯಕ್ಕೆ ತೊಂದರೆ ಇದೆಯಾ? ಇನ್ನೊಂದು, ಇದರಲ್ಲಿ ಚಿಲ್ಗೋಜಾ (ತಿನ್ನುವ ಪೈನ್ ಬೀಜ) ಬಿಡುತ್ತೆ ಅಂತಾರೆ, ನಿಜವೇ?

ಉತ್ತರ: ಮೊದಲು ನೀರು ಹಾಕುವುದನ್ನು ಇವತ್ತೇ ನಿಲ್ಲಿಸಿ. ಉಳಿದದ್ದು ಆಮೇಲೆ.

ನಿಮ್ಮ ಗಿಡಕ್ಕೆ ಬಾಯಾರಿಕೆಯಾಗಿಲ್ಲ, ಉಸಿರು ಕಟ್ಟಿದೆ. ಎರಿ ಮಣ್ಣಿನಲ್ಲಿ ಗುಂಡಿ ತೋಡಿ ಕೆಂಪು ಮಣ್ಣು ತುಂಬುವುದು ನಮ್ಮ ಊರಲ್ಲಿ ಎಲ್ಲರೂ ಮಾಡುವ ಕೆಲಸ. ಮಾಲಿ ಹೇಳುತ್ತಾನೆ, ನರ್ಸರಿಯವರು ಹೇಳುತ್ತಾರೆ, ಮನೆ ಕಟ್ಟಿದ ಮೇಸ್ತ್ರಿಯೂ ಹೇಳುತ್ತಾನೆ. ಕೆಟ್ಟ ಮಣ್ಣು ತೆಗೆದೆವು, ಒಳ್ಳೆ ಮಣ್ಣು ಹಾಕಿದೆವು ಅನ್ನುವ ಲೆಕ್ಕ. ಆದರೆ ಗುಂಡಿಯ ಗೋಡೆ, ತಳ ಇನ್ನೂ ಎರಿ ಮಣ್ಣೇ ಅಲ್ವಾ? ಆ ಜೇಡಿ ನೀರು ಕುಡಿದರೆ ಉಬ್ಬುತ್ತದೆ. ಉಬ್ಬಿದ ಮೇಲೆ ಅದರೊಳಗೆ ನೀರು ಇಳಿಯುವುದು ತೀರಾ ನಿಧಾನ. ಒಳಗೆ ತುಂಬಿದ ಕೆಂಪು ಮಣ್ಣು ಸಡಿಲ. ಹಾಗಾಗಿ ಸುತ್ತಲ ಅಂಗಳದ ನೀರೆಲ್ಲ ಅಲ್ಲಿಗೇ ಬಂದು ಸೇರುತ್ತದೆ. ಸೇರಿದ್ದು ಹೊರಗೆ ಹೋಗಲು ದಾರಿಯಿಲ್ಲ. ನೀವು ತೋಡಿಸಿದ್ದು ಗುಂಡಿ ಅಂದುಕೊಂಡಿರಿ, ಆಗಿದ್ದು ಬಾನಿ. ಗಿಡ ಎರಡು ತಿಂಗಳಿಂದ ಬಾನಿಯಲ್ಲಿ ಮೊಣಕಾಲುದ್ದ ನೀರಲ್ಲಿ ನಿಂತಿದೆ.

ಬೇರಿಗೆ ಗಾಳಿ ಸಿಗದಿದ್ದರೆ ಅದು ಕೊಳೆಯುತ್ತದೆ. ಕೊಳೆತ ಬೇರು ನೀರು ಮೇಲೆತ್ತುವುದಿಲ್ಲ. ಆಗ ಮೇಲೆ ಕಾಣುವುದು ಥೇಟ್ ನೀರಿಲ್ಲದ ಗಿಡದ ಲಕ್ಷಣ: ಕಂದು ಬಣ್ಣ, ಜೋತು ಬಿದ್ದ ಟೊಂಗೆ. ನೋಡಿದವರು ಅಯ್ಯೋ ಪಾಪ ಅಂತ ಇನ್ನೊಂದು ಕೊಡ ಸುರಿಯುತ್ತಾರೆ. ನಮ್ಮ ಭಾಗದಲ್ಲಿ ನಾನು ನೋಡಿದ ಸತ್ತ ಪೈನ್‌ಗಳಲ್ಲಿ ಜಾಸ್ತಿ ಸತ್ತದ್ದು ಹೀಗೆ, ಪ್ರೀತಿಯಿಂದಲೇ.

ನಂಬಿಕೆ ಬರದಿದ್ದರೆ ಒಂದು ಸಣ್ಣ ಪರೀಕ್ಷೆ ಮಾಡಿ. ಮಳೆ ಬಿಟ್ಟ ನಾಲ್ಕು ದಿನಕ್ಕೆ ಅಂಗಳದ ಇನ್ನೊಂದು ಕಡೆ ಒಂದೂವರೆ ಅಡಿ ಆಳದ ಕುಳಿ ತೆಗೆಯಿರಿ. ನೀರು ತುಂಬಿ. ಅದು ಇಳಿದ ಮೇಲೆ ಮತ್ತೆ ತುಂಬಿ. ಎರಡನೇ ಸಲದ ನೀರು ಮರುದಿನ ಬೆಳಿಗ್ಗೆಯೂ ನಿಂತಿದ್ದರೆ ಆ ನೆಲದೊಳಗೆ ಪೈನ್ ಜಾತಿಯ ಯಾವ ಗಿಡವನ್ನೂ ಇಳಿಸಬೇಡಿ. ನವಲಗುಂದ, ಅಣ್ಣಿಗೇರಿ, ನರಗುಂದ, ರೋಣದ ಕಡೆಯವರು ಈ ಪರೀಕ್ಷೆಯನ್ನೂ ಮಾಡಬೇಕಿಲ್ಲ, ಉತ್ತರ ಗೊತ್ತೇ ಇದೆ. ಎರಿ ಮಣ್ಣನ್ನು ನಾನು ಬೈಯುತ್ತಿಲ್ಲ. ಹಿಂಗಾರಿ ಜೋಳ, ಕಡಲೆ ನಮ್ಮಲ್ಲಿ ಮಳೆ ಹೋದ ಮೇಲೂ ಬೆಳೆಯುವುದು ಈ ಮಣ್ಣು ನೀರು ಹಿಡಿದಿಟ್ಟುಕೊಳ್ಳುವುದರಿಂದಲೇ. ಜೋಳಕ್ಕೆ ವರವಾದ ಗುಣ ಪೈನ್‌ಗೆ ಶಾಪ, ಅಷ್ಟೇ.

ಇನ್ನು ಎರಡನೇ ವಿಷಯ. ಇದು ಸ್ವಲ್ಪ ಬೇಜಾರು ಮಾಡಬಹುದು. ನೀವು ಕಳಿಸಿದ ಫೋಟೊದಲ್ಲಿರುವುದು ಪೈನ್ ಅಲ್ಲ. ನೇರ ಕಾಂಡ, ಅದರ ಸುತ್ತ ಛತ್ರಿ ಕಡ್ಡಿಯ ಹಾಗೆ ಒಂದೇ ಮಟ್ಟದಲ್ಲಿ ಹೊರಟ ಟೊಂಗೆಗಳು, ಮತ್ತೆ ಒಂದಿಷ್ಟು ಖಾಲಿ ಕಾಂಡ, ಮತ್ತೆ ಒಂದು ಸುತ್ತು. ಇದು ಅರೌಕೇರಿಯ. ನರ್ಸರಿಯಲ್ಲಿ ಇದಕ್ಕೆ ಕ್ರಿಸ್‌ಮಸ್ ಟ್ರೀ ಅನ್ನುತ್ತಾರೆ, ಪೈನ್ ಅಂತಲೂ ಅನ್ನುತ್ತಾರೆ. ಮೋಸ ಅಂತ ಅಂದುಕೊಳ್ಳಬೇಡಿ. ಇಂಗ್ಲಿಷ್‌ನಲ್ಲಿ ಅದರ ಹೆಸರೇ ನಾರ್ಫೋಕ್ ಐಲ್ಯಾಂಡ್ ಪೈನ್. ಆಸ್ಟ್ರೇಲಿಯಕ್ಕೂ ನ್ಯೂಜಿಲೆಂಡಿಗೂ ನಡುವೆ ಸಮುದ್ರದಲ್ಲಿರುವ ಪುಟ್ಟ ದ್ವೀಪ ಅದರ ತವರು. ಆ ದ್ವೀಪದ ಬಾವುಟದ ಮೇಲೂ ಇದೇ ಮರ ಇದೆ. 1774ರಲ್ಲಿ ಕ್ಯಾಪ್ಟನ್ ಕುಕ್ ಆ ದ್ವೀಪಕ್ಕೆ ಬಂದಾಗ ಈ ನೇರ ಮರ ನೋಡಿ ಹಡಗಿನ ಕಂಬಕ್ಕೆ ಹೇಳಿ ಮಾಡಿಸಿದ್ದು ಅಂದುಕೊಂಡ. ಆಮೇಲೆ ನೋಡಿದರೆ ಕಟ್ಟಿಗೆಗೆ ಅಷ್ಟು ತಾಕತ್ತೇ ಇರಲಿಲ್ಲ. ರೂಪ ನೋಡಿ ಬೇಸ್ತು ಬಿದ್ದವರಲ್ಲಿ ನಾವೇ ಮೊದಲಿಗರಲ್ಲ.

ನಿಜವಾದ ಪೈನ್ ಗುರುತಿಸುವುದು ಸುಲಭ. ಸೂಜಿ ಎಲೆ ಒಂಟಿಯಾಗಿ ಇರುವುದಿಲ್ಲ. ಎರಡೋ ಮೂರೋ ಐದೋ ಸೂಜಿಗಳು ಬುಡದಲ್ಲಿ ಒಂದು ತೆಳು ಪೊರೆಯೊಳಗೆ ಜೊತೆಯಾಗಿರುತ್ತವೆ, ಊದುಬತ್ತಿ ಕಟ್ಟಿನ ಹಾಗೆ. ಹಿಮಾಲಯದ ಚೀಡ್ ಪೈನ್‌ಗೆ ಮೂರು ಸೂಜಿ, ಒಂದೊಂದೂ ಗೇಣುದ್ದ. ಅರೌಕೇರಿಯದಲ್ಲಿ ಗಿಡ್ಡ ಮುಳ್ಳಿನಂಥ ಎಲೆಗಳು ಒಂದೊಂದಾಗಿ ಕಡ್ಡಿಯ ಸುತ್ತಲೂ ಅಂಟಿಕೊಂಡಿರುತ್ತವೆ. ಕಾರವಾರದ ಬೀಚ್‌ನಲ್ಲಿ ನೀವು ನೋಡಿದ ಗಾಳಿ ಮರವೂ ಪೈನ್ ಅಲ್ಲ. ಅದರ ಸೂಜಿಯನ್ನು ಮೆಲ್ಲಗೆ ಎಳೆದರೆ ಗಿಣ್ಣು ಗಿಣ್ಣಾಗಿ ಬಿಚ್ಚಿಕೊಳ್ಳುತ್ತದೆ. ಚಿಕ್ಕವರಿದ್ದಾಗ ಎಲ್ಲಿ ಬಿಚ್ಚಿದೆ ಹೇಳು ಅಂತ ಆಡುತ್ತಿದ್ದೆವಲ್ಲ, ಅದೇ. ಇನ್ನು ವಿದ್ಯೆ ಬರುತ್ತೆ ಅಂತ ಪುಸ್ತಕದೊಳಗೆ ಇಟ್ಟುಕೊಳ್ಳುತ್ತಿದ್ದ ಚಪ್ಪಟೆ ಎಲೆಯ ಥೂಜಾ, ಅದು ಸೈಪ್ರೆಸ್ ಕುಟುಂಬದ್ದು.

ಹಾಗಾದರೆ ಊಟಿಯಲ್ಲಿ, ಗೂಡಲೂರು ದಾರಿಯಲ್ಲಿ ಕಂಡದ್ದು ಏನು? ಅದು ನಿಜವಾದ ಪೈನ್. ಮೆಕ್ಸಿಕೋ ಮೂಲದ ಪಟುಲಾ ಜಾತಿ, ನೆಟ್ಟು ಬೆಳೆಸಿದ ಕಾಡು. ಊಟಿ ಇರುವುದು 2,200 ಮೀಟರ್ ಎತ್ತರದಲ್ಲಿ, ಹುಬ್ಬಳ್ಳಿ 650 ಮೀಟರ್ ಆಸುಪಾಸು. ಸಾವಿರ ಮೀಟರ್ ಇಳಿದರೆ ಸುಮಾರು ಆರು ಡಿಗ್ರಿ ಸೆಕೆ ಏರುತ್ತದೆ. ಆ ಜಾತಿಯನ್ನು ಇಲ್ಲಿ ಮರೆತುಬಿಡಿ. ಸೆಕೆ ತಾಳುವ ಪೈನ್‌ಗಳೂ ಇವೆ. ಚೀಡ್ ಹಿಮಾಲಯದ ಬುಡದಲ್ಲಿ 500 ಮೀಟರ್‌ನಿಂದಲೇ ಶುರುವಾಗುತ್ತದೆ, ಅಲ್ಲಿಯ ಬೇಸಿಗೆ ನಮ್ಮದಕ್ಕಿಂತ ಏನೂ ಕಮ್ಮಿಯಿಲ್ಲ. ಕ್ಯೂಬಾ, ಬಹಾಮಾಸ್ ಕಡೆಯ ಕೆರಿಬಿಯನ್ ಪೈನ್ ಅಂತೂ ಬಯಲಿನ ಸೆಕೆಯಲ್ಲೇ ಬೆಳೆಯುವಂಥದ್ದು. ಹಾಗಾಗಿ ನಮ್ಮ ಏಪ್ರಿಲ್ ಬಿಸಿಲಿಗೆ ಪೈನ್ ಬದುಕಲ್ಲ ಅನ್ನುವ ಮಾತನ್ನು ನಾನು ಒಪ್ಪುವುದಿಲ್ಲ. ತಡೆಯುವುದು ನೆಲ.

ನೀರು ನಿಲ್ಲುವ ಮಾತು ಆಯಿತು. ಎರಡನೆಯದು ಸುಣ್ಣ. ಎರಿ ಮಣ್ಣನ್ನು ಅಗೆದಾಗ ಬಿಳಿ ಹರಳು ಸಿಗುತ್ತವಲ್ಲ, ಅದು ಸುಣ್ಣ. ಈ ಮಣ್ಣಿನ ಪಿಎಚ್ (ಹುಳಿ-ಕ್ಷಾರದ ಅಳತೆ) ಸಾಮಾನ್ಯವಾಗಿ 8ರ ಮೇಲೆ. ಪೈನ್‌ಗೆ ಬೇಕಾದದ್ದು 5ರಿಂದ 6.5. ಒಂದು ಹಿಡಿ ಒಣ ಮಣ್ಣಿನ ಮೇಲೆ ವಿನಿಗರ್ ಸುರಿದು ಕಿವಿಗೊಡಿ. ಸೋಡಾದ ಹಾಗೆ ಬುಸ್ ಅಂದರೆ ಸುಣ್ಣ ಜಾಸ್ತಿ ಇದೆ ಅಂತ ಅರ್ಥ. ಅಂಥ ಕಡೆ ಮಣ್ಣಿನಲ್ಲಿ ಕಬ್ಬಿಣ ಇದ್ದರೂ ಬೇರಿಗೆ ಸಿಗುವುದಿಲ್ಲ. ಹೊಸ ಚಿಗುರು ಹಳದಿ ತಿರುಗುತ್ತದೆ. ಹೊಸ ಮನೆ ಆದರೆ ಇನ್ನೂ ಕಷ್ಟ. ಗೇಟಿನ ಪಕ್ಕದಲ್ಲೇ ಸಿಮೆಂಟ್ ಕಲಸಿರುತ್ತಾರೆ, ಗಿಲಾಯಿ ಉದುರಿದ ಚೂರೆಲ್ಲ ಅಲ್ಲೇ ಮಣ್ಣಲ್ಲಿ ಸೇರಿರುತ್ತದೆ. ಅದೂ ಸುಣ್ಣವೇ.

ಮೂರನೆಯದನ್ನು ನಾನು ಪೆಟ್ಟು ತಿಂದು ಕಲಿತೆ. ಬಹಳ ವರ್ಷದ ಹಿಂದೆ ಡೆಹ್ರಾಡೂನ್‌ನಿಂದ ಎರಡು ಚೀಡ್ ಸಸಿ ರೈಲಿನಲ್ಲಿ ತಂದಿದ್ದೆ. ಭಾರ ಆಗುತ್ತೆ ಅಂತ ಬೇರಿನ ಮಣ್ಣೆಲ್ಲ ಕೊಡವಿ, ಒದ್ದೆ ಗೋಣಿಚೀಲ ಸುತ್ತಿದ್ದೆ. ಜಾಣತನ ಮಾಡಿದೆ ಅಂತ ಹೆಮ್ಮೆ ಬೇರೆ. ಒಂದನ್ನು ನಮ್ಮ ಹಿತ್ತಲಿನ ಎರಿ ಮಣ್ಣಿಗೆ ಹಾಕಿದೆ. ಅದು ಎರಡನೇ ಮಳೆಗಾಲ ದಾಟಲಿಲ್ಲ. ಇನ್ನೊಂದನ್ನು ಧಾರವಾಡದ ಗೆಳೆಯರೊಬ್ಬರ ಮನೆಯ ಮಸಾರಿ, ಅಂದರೆ ಕೆಂಪು ಮಣ್ಣಿನಲ್ಲಿ ನೆಟ್ಟೆವು. ಅಲ್ಲಿ ನೀರು ಸರಾಗವಾಗಿ ಇಳಿಯುತ್ತಿತ್ತು, ಮಣ್ಣಲ್ಲಿ ಸುಣ್ಣವೂ ಇರಲಿಲ್ಲ. ಆದರೂ ಎರಡು ವರ್ಷ ಅದು ಒಂದೇ ಅಡಿಯಲ್ಲಿ ನಿಂತಿತ್ತು. ಸಾಯಲೂ ಇಲ್ಲ, ಬೆಳೆಯಲೂ ಇಲ್ಲ. ಗೊಬ್ಬರ ಹಾಕಿದೆವು, ಏನೂ ಆಗಲಿಲ್ಲ.

ಮರೆತದ್ದು ಏನೆಂದರೆ, ಪೈನ್ ಬೇರು ಒಂಟಿಯಾಗಿ ದುಡಿಯುವುದಿಲ್ಲ. ಅದರ ತುದಿಗೆ ಒಂದು ಜಾತಿಯ ಶಿಲೀಂಧ್ರ ಕಾಲುಚೀಲದ ಹಾಗೆ ಹೊದ್ದುಕೊಂಡಿರುತ್ತದೆ. ಮಣ್ಣಿನಿಂದ ರಂಜಕ, ನೀರು ತಂದುಕೊಡುವ ಕೆಲಸ ಅದರದ್ದು. ಬದಲಿಗೆ ಮರ ಅದಕ್ಕೆ ಸಕ್ಕರೆ ಕೊಡುತ್ತದೆ. ಹಿಮಾಲಯದ ಪೈನ್ ಕಾಡಿನ ಮಣ್ಣಿನಲ್ಲಿ ಈ ಶಿಲೀಂಧ್ರ ತುಂಬಿರುತ್ತದೆ. ಪೈನ್ ಬೆಳೆದೇ ಇಲ್ಲದ ನಮ್ಮ ಹಿತ್ತಲಿನಲ್ಲಿ ಎಲ್ಲಿಂದ ಬರಬೇಕು? ಪೋರ್ಟೊ ರಿಕೊ ದ್ವೀಪದಲ್ಲೂ ಹೀಗೇ ಆಗಿತ್ತು. ಎಷ್ಟು ಸಲ ಪೈನ್ ನೆಟ್ಟರೂ ಸಸಿ ಹಳದಿಯಾಗಿ ಕೊರಗುತ್ತಿತ್ತು. 1950ರ ದಶಕದಲ್ಲಿ ಅಮೆರಿಕದ ಪೈನ್ ಕಾಡಿನ ಮಣ್ಣು ತಂದು ಬೆರೆಸಿದ ಮೇಲೆ ಗಿಡಗಳು ಚೇತರಿಸಿಕೊಂಡವು. ನಾನು ರೈಲು ನಿಲ್ದಾಣದಲ್ಲಿ ಕೊಡವಿ ಬಿಟ್ಟದ್ದು ಆ ಮಣ್ಣನ್ನೇ. ಮುಂದೆ ಊಟಿಗೆ ಹೋದ ಪರಿಚಯದವರೊಬ್ಬರು ಅವರ ಬಂಧುಗಳ ಹಿತ್ತಲ ಪೈನ್ ಬುಡದಿಂದ ಅರ್ಧ ಚೀಲ ಮಣ್ಣು ತಂದುಕೊಟ್ಟರು. ಮಳೆಗಾಲದಲ್ಲಿ ಗೆಳೆಯರ ಗಿಡದ ಬೇರಿನ ಹತ್ತಿರ ಬೆರೆಸಿದೆವು. ಮುಂದಿನ ವರ್ಷ ಎರಡು ಅಡಿ ಜಿಗಿಯಿತು. ಈಗ ಆ ಮನೆಯವರು ಉದುರಿದ ಸೂಜಿ ಗುಡಿಸಿ ಗುಡಿಸಿ ನನಗೆ ಬೈಯುತ್ತಾರೆ.

ಹಾಗಾಗಿ ನಿಜವಾದ ಪೈನ್ ಆಸೆ ಇರುವವರು ಮೊದಲು ತಮ್ಮ ಊರು ನೋಡಿಕೊಳ್ಳಿ. ಧಾರವಾಡದಿಂದ ಪಶ್ಚಿಮಕ್ಕೆ, ಕೆಲಗೇರಿ ದಾಟಿ ಅಳ್ನಾವರದ ಕಡೆ, ಕಲಘಟಗಿ ಕಡೆ, ಹಾವೇರಿ ಜಿಲ್ಲೆಯಲ್ಲಿ ಹಾನಗಲ್ಲ ಕಡೆ ಕೆಂಪು ಮಣ್ಣಿದೆ, ಮಳೆಯೂ ಜಾಸ್ತಿ. ಅಲ್ಲಿ ಚೀಡ್ ಅಥವಾ ಕೆರಿಬಿಯನ್ ಪೈನ್ ಪ್ರಯತ್ನ ಮಾಡಬಹುದು. ಸಸಿ ತರುವಾಗ ಬೇರಿನ ಮಣ್ಣಿನ ಸಮೇತ ತನ್ನಿ. ಸಗಣಿ ಗೊಬ್ಬರ ಹೇರಬೇಡಿ. ರಂಜಕದ ಗೊಬ್ಬರ ಜಾಸ್ತಿಯಾದರೆ ಆ ಶಿಲೀಂಧ್ರವೇ ಸೊರಗುತ್ತದೆ. ಮನೆಯಿಂದ 25 ಅಡಿ ದೂರ ಇರಲಿ. ಅಷ್ಟು ಜಾಗ ಇಲ್ಲದಿದ್ದರೆ ಬೇಡ. ಒಂದು ಸಮಾಧಾನದ ಮಾತು: ಪೈನ್ ಮರ ಕಾಣದ ಮನೆಯಲ್ಲೂ ಪೈನ್ ಇರುತ್ತದೆ. ಚೀಡ್ ಮರದ ರಾಳದಿಂದ ಟರ್ಪೆಂಟೈನ್ ತೆಗೆದ ಮೇಲೆ ಉಳಿಯುವ ಗಟ್ಟಿ ಪದಾರ್ಥವೇ ರೋಸಿನ್. ಪಿಟೀಲಿನ ಕಮಾನಿಗೆ ಉಜ್ಜುವ ಆ ಬಿಲ್ಲೆ ಧಾರವಾಡದಲ್ಲಿ ಎಷ್ಟು ಮನೆಗಳಲ್ಲಿಲ್ಲ!

ನಿಮಗೆ ಬೇಕಾದದ್ದು ನಿಜವಾಗಿ ಪೈನ್ ಅಲ್ಲ, ಪೈನ್‌ನ ರೂಪ ಅಂತ ನನಗನಿಸುತ್ತದೆ. ಗೇಟ್ ತೆರೆದರೆ ನೇರವಾಗಿ ನಿಂತ ಹಸಿರು ಗೋಪುರ. ಅದಕ್ಕೆ ಅರೌಕೇರಿಯ ಸಾಕು, ನಮ್ಮ ಕಡೆಗೆ ಅದೇ ವಾಸಿ. ಅದರ ಬೇರಿನ ಜೊತೆಗಾರ ಶಿಲೀಂಧ್ರ ಬೇರೆ ಗುಂಪಿನದು, ನಮ್ಮ ಜೋಳ, ತೊಗರಿಯ ಬೇರಲ್ಲೂ ಆ ಗುಂಪಿನದು ಇರುತ್ತದೆ. ಹೊರಗಿಂದ ಮಣ್ಣು ತರುವ ಗೋಜಿಲ್ಲ. ಸಮುದ್ರ ದಂಡೆಯ ಮರ, ಗಾಳಿಗೆ ಹೆದರುವುದಿಲ್ಲ. ಕೆಸರೊಂದು ಆಗುವುದಿಲ್ಲ.

ಈಗ ನಿಮ್ಮ ಗಿಡಕ್ಕೆ ಬರೋಣ. ಮಳೆ ಎರಡು ದಿನ ಬಿಟ್ಟಾಗ ಬೇರಿನ ಮುದ್ದೆ ಒಡೆಯದ ಹಾಗೆ ಗಿಡವನ್ನು ಮೇಲೆತ್ತಿ. ಚಳಿಗಾಲದವರೆಗೆ ಕಾಯೋಣ ಅನ್ನಬೇಡಿ, ಅಷ್ಟರಲ್ಲಿ ಕಥೆ ಮುಗಿದಿರುತ್ತದೆ. ಬೇರು ನೋಡಿ. ತಿಳಿ ಬಣ್ಣಕ್ಕಿದ್ದು, ಹಿಂಡಿದರೆ ಗಟ್ಟಿ ಇದ್ದರೆ ಜೀವ ಇದೆ. ಕಂದಾಗಿ ಮೆತ್ತಗಿದ್ದು, ಸಿಪ್ಪೆ ಜಾರಿ ಒಳಗಿನ ದಾರ ಮಾತ್ರ ಕೈಗೆ ಬಂದರೆ, ಕೊಳೆತ ವಾಸನೆ ಬಂದರೆ ಆ ಭಾಗ ಸತ್ತಿದೆ. ಕತ್ತರಿಯಿಂದ ತೆಗೆಯಿರಿ. ಅರ್ಧಕ್ಕಿಂತ ಜಾಸ್ತಿ ಬೇರು ಚೆನ್ನಾಗಿದ್ದರೆ ಉಳಿಸುವ ಪ್ರಯತ್ನ ಮಾಡಿ. ಇಲ್ಲದಿದ್ದರೆ ಹೊಸ ಸಸಿ ತರುವುದೇ ಒಳ್ಳೆಯದು. ಇನ್ನೊಂದು ಕಾರಣವೂ ಇದೆ. ಅರೌಕೇರಿಯದಲ್ಲಿ ಒಣಗಿ ಹೋದ ಕೆಳಗಿನ ಸುತ್ತು ಮತ್ತೆ ಬರುವುದಿಲ್ಲ. ಗಿಡ ಬದುಕಿದರೂ ಬರಿ ಕಾಲಿನ ಮೇಲೆ ಛತ್ರಿ ಹಿಡಿದ ಹಾಗೆ ಕಾಣುತ್ತದೆ. ಕೆಳಗೆ ಒಂದು ಸುತ್ತು ಮಾತ್ರ ಹೋಗಿದ್ದರೆ ಪರವಾಗಿಲ್ಲ, ಮೂರು ಹೋಗಿದ್ದರೆ ಮನಸ್ಸು ಗಟ್ಟಿ ಮಾಡಿಕೊಳ್ಳಿ.

ಉಳಿಸುವುದಾದರೆ ಹದಿನಾರು ಇಂಚಿನ ಕುಂಡಕ್ಕೆ ಹಾಕಿ. ಕೆಂಪು ಮಣ್ಣು ಎರಡು ಪಾಲು, ದಪ್ಪ ಮರಳು ಒಂದು ಪಾಲು, ಚೆನ್ನಾಗಿ ಕಳಿತ ಗೊಬ್ಬರ ಒಂದು ಪಾಲು. ಹಸಿ ಸಗಣಿ ಬೇಡವೇ ಬೇಡ. ಬೇವಿನ ಹಿಂಡಿ ಒಂದು ಹಿಡಿ ಸಾಕು. ಮುಂಜಾನೆ ಬಿಸಿಲು ಬೀಳುವ, ಮಧ್ಯಾಹ್ನ ನೆರಳಾಗುವ ಕಡೆ ಇಡಿ. ಮೇಲಿನ ಎರಡು ಇಂಚು ಒಣಗಿದ ಮೇಲೆ ನೀರು. ಬೆರಳು ಚುಚ್ಚಿ ನೋಡಿ, ಗಡಿಯಾರ ನೋಡಿ ನೀರು ಹಾಕಬೇಡಿ.

ಆಮೇಲೆ? ನನ್ನನ್ನು ಕೇಳಿದರೆ ನಿಮ್ಮ ಸೈಟಿಗೆ ಕುಂಡವೇ ಸರಿ. ಅರೌಕೇರಿಯ ಕುಂಡದಲ್ಲಿ ನಿಧಾನವಾಗಿ, ಸಮಾಧಾನವಾಗಿ ವರ್ಷಗಟ್ಟಲೆ ಇರುತ್ತದೆ. ಎರಡು ಮೂರು ವರ್ಷಕ್ಕೊಮ್ಮೆ ಒಂದು ಸೈಜ್ ದೊಡ್ಡ ಕುಂಡಕ್ಕೆ ಬದಲಿಸಿದರೆ ಆಯಿತು. ನೆಲಕ್ಕೆ ಇಳಿಸಿದರೆ ಅದು ನಿಮ್ಮ ಮನೆಯ ಮೂರು ಮಹಡಿ ದಾಟಿ ಹೋಗುವ ಮರ. ಹದಿನಾಲ್ಕು ಅಡಿ ಅಂಗಳ, ಮೇಲೆ ರಸ್ತೆ ಬದಿಯ ವಿದ್ಯುತ್ ತಂತಿ. ತಂತಿಗೆ ತಾಗಿತು ಅಂತ ತುದಿ ಕಡಿದರೆ ಆ ಮರದ ಅಂದ ಅಲ್ಲಿಗೆ ಮುಗಿಯಿತು. ಕಡಿದ ಕಡೆಯಿಂದ ಒಂದರ ಬದಲು ಎರಡು ಮೂರು ತಲೆ ಹೊರಡುತ್ತವೆ, ಗೋಪುರ ಹೋಗಿ ಪೊರಕೆ ಆಗುತ್ತದೆ. ಇನ್ನು ಪೂರ್ತಿ ತೆಗೆದುಹಾಕೋಣ ಅಂದರೆ ಅದೂ ಸುಮ್ನೆ ಆಗುವುದಿಲ್ಲ. ಕರ್ನಾಟಕದಲ್ಲಿ 1976ರ ವೃಕ್ಷ ಸಂರಕ್ಷಣಾ ಕಾಯ್ದೆ ಇದೆ. ಸ್ವಂತ ಅಂಗಳದ ಮರವಾದರೂ ಕಡಿಯಲು ಅರಣ್ಯ ಇಲಾಖೆಯ ಅನುಮತಿ ಕೇಳಬೇಕಾಗುತ್ತದೆ.

ಪಾಯದ ಪ್ರಶ್ನೆಗೂ ಇದೇ ಉತ್ತರ. ಜನ ಅಂದುಕೊಳ್ಳುವ ಹಾಗೆ ಬೇರು ಪಾಯವನ್ನು ಗುದ್ದಿ ಒಡೆಯುವುದು ಕಮ್ಮಿ. ಎರಿ ಮಣ್ಣಿನಲ್ಲಿ ತೊಂದರೆ ಬೇರೆ ಥರ ಬರುತ್ತದೆ. ಬೇಸಿಗೆಯಲ್ಲಿ ಮರ ಪಾಯದ ಕೆಳಗಿನ ಮಣ್ಣಿನ ತೇವ ಹೀರುತ್ತದೆ. ಮಣ್ಣು ಕುಗ್ಗುತ್ತದೆ. ಮಳೆ ಬಂದರೆ ಮತ್ತೆ ಉಬ್ಬುತ್ತದೆ. ಮೇ ತಿಂಗಳಲ್ಲಿ ಹೊಲದ ಬಿರುಕಿನಲ್ಲಿ ಕೈ ಇಳಿಯುತ್ತದಲ್ಲ, ಅದೇ ಆಟ ನಿಮ್ಮ ಪಾಯದ ಕೆಳಗೂ ನಡೆಯುತ್ತದೆ. ಗೋಡೆ ಮೇಲೆ ಓರೆ ಬಿರುಕು ಬೀಳುವುದು ಆಗ. ಎರಿ ನೆಲದಲ್ಲಿ ಯಾವ ದೊಡ್ಡ ಮರವನ್ನೂ ಮನೆಯಿಂದ ಇಪ್ಪತ್ತು ಅಡಿಯೊಳಗೆ ನೆಡಲು ನಾನು ಹೇಳುವುದಿಲ್ಲ.

ಜಾಗ ಇರುವವರಿಗೆ, ಫಾರ್ಮ್‌ಹೌಸ್ ಮಾಡಿದವರಿಗೆ ಎರಡು ಮಾತು. ಎರಿ ಮಣ್ಣಿನಲ್ಲಿ ಕೆಳಗೆ ತೋಡಬೇಡಿ, ಮೇಲೆ ಕಟ್ಟಿ. ಆರು ಅಡಿ ಅಗಲ, ಒಂದೂವರೆ ಅಡಿ ಎತ್ತರದ ದಿಬ್ಬ ಮಾಡಿ, ಕುಂಡಕ್ಕೆ ಹೇಳಿದ ಮಿಶ್ರಣವನ್ನೇ ಹಾಕಿ, ದಿಬ್ಬದ ನೆತ್ತಿಯಲ್ಲಿ ನೆಡಿ. ಕೆಳಗಿನ ಎರಿ ಮಣ್ಣನ್ನು ಗುದ್ದಲಿಯಿಂದ ಒಂದು ಸಲ ಕೆದಕಿ ಬಿಟ್ಟರೆ ಸಾಕು. ನೀರು ಹೊರಗೆ ಹರಿಯುವ ಹಾಗೆ ಇಳಿಜಾರು ಇರಲಿ. ಮಸಾರಿ ಮಣ್ಣಿನವರು ಮಿರಗದ ಮಳೆಗೇ ನೆಡಬಹುದು. ಎರಿಯವರು ಹುಬ್ಬಿ ಮಳೆ ಮುಗಿಯುವವರೆಗೆ ತಡೆಯಿರಿ. ಉತ್ತರಿ ಹೊತ್ತಿಗೆ, ಅಂದರೆ ಸೆಪ್ಟೆಂಬರ್ ನಡುವಿನಿಂದ, ನೆಲದಲ್ಲಿ ಹದ ಇರುತ್ತದೆ, ಕೆಸರು ಇರುವುದಿಲ್ಲ. ಬೇಸಿಗೆ ಬರುವ ಮೊದಲು ಬೇರಿಗೆ ಐದು ತಿಂಗಳು ಸಿಗುತ್ತದೆ. ಬುಡಕ್ಕೆ ಶೇಂಗಾ ಸಿಪ್ಪೆ ಹೊದಿಸಿ, ಮಣ್ಣು ಬಿರುಕು ಬಿಟ್ಟು ಎಳೆ ಬೇರು ಹರಿಯುವುದು ತಪ್ಪುತ್ತದೆ. ಕಾಂಡಕ್ಕೆ ಮಾತ್ರ ತಾಗಿಸಬೇಡಿ, ಗೆದ್ದಲು ಹತ್ತುತ್ತದೆ. ಗದಗಿನ ಕಡೆಯವರು ಊರುಗೋಲು ಕೊಡಿ. ಕಪ್ಪತಗುಡ್ಡದ ಮೇಲೆ ಗಾಳಿ ವಿದ್ಯುತ್ ಕಂಬಗಳನ್ನು ಸುಮ್ನೆ ನಿಲ್ಲಿಸಿಲ್ಲ. ಕಟ್ಟು ಸಡಿಲ ಇರಲಿ, ವರ್ಷಕ್ಕೆ ಬಿಚ್ಚಿಬಿಡಿ.

ಎಲ್ಲಿ ನೆಡಬೇಕು ಅನ್ನುವುದರಲ್ಲಿ ಒಂದು ತಮಾಷೆಯ ವಿಷಯ ಇದೆ. ನಮ್ಮ ನರ್ಸರಿಗಳಲ್ಲಿ ನಾರ್ಫೋಕ್ ಪೈನ್ ಅಂತ ಬರುವ ಎಷ್ಟೋ ಸಸಿಗಳು ಅದರ ದಾಯಾದಿ ಕುಕ್ ಪೈನ್. ಚಿಕ್ಕವಿದ್ದಾಗ ವ್ಯತ್ಯಾಸ ಹೇಳುವುದು ಕಷ್ಟ. ದೊಡ್ಡದಾದ ಮೇಲೆ ಕುಕ್ ಪೈನ್ ಸಪೂರ ಕಂಬದಂತೆ ಬೆಳೆಯುತ್ತದೆ, ತೊಗಟೆ ಕಾಗದದ ಹಾಗೆ ಸುರುಳಿಯಾಗಿ ಏಳುತ್ತದೆ. ಅದು ನೇರ ನಿಲ್ಲುವುದಿಲ್ಲ, ವಾಲುತ್ತದೆ. 2017ರಲ್ಲಿ ಪ್ರಕಟವಾದ ಅಧ್ಯಯನವೊಂದು ಐದು ಖಂಡಗಳ ಮರಗಳನ್ನು ಅಳೆದು ನೋಡಿತು. ಈ ಮರಗಳು ಭೂಮಧ್ಯರೇಖೆಯ ಕಡೆಗೇ ವಾಲುತ್ತವೆ, ಸರಾಸರಿ 8 ಡಿಗ್ರಿಗಿಂತ ಜಾಸ್ತಿ. ನಮಗೆ ಅದು ದಕ್ಷಿಣ. ಹಾಗಾಗಿ ಮನೆಯ ಉತ್ತರಕ್ಕೆ ನೆಟ್ಟರೆ ಮರ ಮನೆ ಮೇಲೆ ಬಗ್ಗುತ್ತದೆ, ದಕ್ಷಿಣಕ್ಕೆ ನೆಟ್ಟರೆ ಆಚೆ ಬಗ್ಗುತ್ತದೆ. ಎತ್ತರದ ಮರ ದಕ್ಷಿಣಕ್ಕಿರಲಿ ಅಂತ ವಾಸ್ತುವಿನವರೂ ಹೇಳುತ್ತಾರೆ. ಅವರ ಜೊತೆ ನನಗೆ ಜಗಳವೇ ಜಾಸ್ತಿ, ಇದೊಂದರಲ್ಲಿ ರಾಜಿ.

ಹೊಸ ಸಸಿ ಕೊಳ್ಳುವಾಗ ಒಂದು ಎಚ್ಚರಿಕೆ. ಬೀಜದಿಂದ ಎಬ್ಬಿಸಿದ್ದೇ ಕೊಳ್ಳಿ. ಪಕ್ಕದ ಟೊಂಗೆ ಕತ್ತರಿಸಿ ಬೇರು ಬರಿಸಿದ ಗಿಡ ಯಾವತ್ತೂ ಮೇಲಕ್ಕೆ ಹೋಗುವುದಿಲ್ಲ. ತಾನು ಟೊಂಗೆ ಅನ್ನುವುದನ್ನು ಅದು ಮರೆಯುವುದಿಲ್ಲ, ಸಾಯುವವರೆಗೂ ಅಡ್ಡಡ್ಡ ಬೆಳೆಯುತ್ತದೆ. ನಡುವಿನ ತಲೆ ಸರಿಯಾಗಿದೆಯಾ, ಸುತ್ತಲೂ ಟೊಂಗೆ ಸಮ ಇದೆಯಾ ನೋಡಿ. ಒಂದೇ ಕುಂಡದಲ್ಲಿ ಮೂರು ಸಸಿ ಒತ್ತಾಗಿ ಇಟ್ಟು ದಟ್ಟ ಕಾಣುವ ಹಾಗೆ ಮಾಡಿರುತ್ತಾರೆ, ಅದು ಬೇಡ.

ತುದಿ ಹಳದಿಗೆ: ಮೊದಲ ಕಾರಣ ನಿಂತ ನೀರು, ಅದರ ಜೊತೆಗೆ ನಿಮ್ಮ ಬೋರ್ ನೀರಿನ ಸುಣ್ಣ. ಬಕೆಟ್ಟಿನ ಅಂಚಿಗೆ ಬಿಳಿ ಪಟ್ಟೆ ಕಟ್ಟುತ್ತಿದ್ದರೆ ಅದೇ ಸಾಕ್ಷಿ. ಕುಂಡಕ್ಕೆ ಮಳೆ ನೀರು ಹಿಡಿದಿಡಿ. ಸಾವಿರ ಚದರ ಅಡಿ ಚಾವಣಿ ಮೇಲೆ ಒಂದು ಇಂಚು ಮಳೆ ಬಿದ್ದರೆ 2,300 ಲೀಟರ್ ನೀರು, ಒಂದು ಕುಂಡಕ್ಕೆ ವರ್ಷಕ್ಕಾಗುವಷ್ಟು. ಅದು ಮುಗಿದರೆ ಮಲಪ್ರಭೆಯ ನಲ್ಲಿ ನೀರು. ಬೇರು ಚೇತರಿಸಿಕೊಂಡ ಮೇಲೂ ಹೊಸ ಚಿಗುರು ಹಳದಿ ಬಂದರೆ ಕಬ್ಬಿಣ ಕೊಡಿ. ಅಂಗಡಿಯಲ್ಲಿ ಇಡಿಡಿಎಚ್‌ಎ ಇರುವ ಕಬ್ಬಿಣ ಅಂತ ಕೇಳಿ, ಅದು ಕಬ್ಬಿಣವನ್ನು ಬೇರಿಗೆ ಸಿಗುವ ಹಾಗೆ ಹಿಡಿದಿಡುವ ರಾಸಾಯನಿಕ. ಅಗ್ಗದ ಇಡಿಟಿಎ ನಮ್ಮ ಸುಣ್ಣದ ಮಣ್ಣಿನಲ್ಲಿ ಕೆಲಸ ಮಾಡುವುದಿಲ್ಲ. ಪ್ಯಾಕೆಟ್ ಮೇಲೆ ಬರೆದ ಪ್ರಮಾಣದ ಅರ್ಧದಿಂದ ಶುರು ಮಾಡಿ. ಬೇಸಿಗೆಯಲ್ಲಿ ಎಲೆ ಮಂಕಾಗಿ ಧೂಳು ಬಡಿದಂತೆ ಕಂಡರೆ ಅದು ನುಸಿ. ಸಂಜೆ ಜೋರಾಗಿ ನೀರು ಸಿಂಪಡಿಸಿ ತೊಳೆಯಿರಿ, ಬಹಳ ಸಲ ಅಷ್ಟಕ್ಕೇ ಹೋಗುತ್ತದೆ.

ಚಿಲ್ಗೋಜಾ ವಿಷಯ ಉಳಿಯಿತು. ಅದು ಬೇರೆಯೇ ಪೈನ್. ಹಿಮಾಚಲದ ಕಿನ್ನೌರ್ ಕಡೆ, ಸಮುದ್ರ ಮಟ್ಟದಿಂದ 1,800 ಮೀಟರ್ ಮೇಲೆ, ಒಣ ಚಳಿಯ ಬೆಟ್ಟಗಳಲ್ಲಿ ಬೆಳೆಯುತ್ತದೆ. ನಿಮ್ಮ ಗಿಡಕ್ಕೂ ಅದಕ್ಕೂ ಸಂಬಂಧವಿಲ್ಲ. ತಿನ್ನಬೇಕು ಅನಿಸಿದರೆ ದುರ್ಗದ ಬೈಲಿನ ಕಡೆ ಡ್ರೈಫ್ರೂಟ್ಸ್ ಅಂಗಡಿಯಲ್ಲಿ ಕೇಳಿ ನೋಡಿ. ಕಾಲು ಕಿಲೋ ಅನ್ನುವ ಮೊದಲು ದರ ಕೇಳಿಕೊಳ್ಳಿ, ಆಮೇಲೆ ನೂರು ಗ್ರಾಂ ಸಾಕು ಅನ್ನುತ್ತೀರಿ.